ಮತ್ತೆ ಮತ್ತೆ ಕಟ್ಟಿಕೊಂಡ ಫಿಲ್ಟರ್

“ಇದನ್ನ ನಿಮಗೆ ಕೊಡೋದಿಲ್ಲ ಮೇಡಂ.”

ಪರ್ಸಿನ ಜಿಪ್ ಎಳೆಯುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಅಂಗಡಿಯವನೊಬ್ಬ ಗಿರಾಕಿಯ ಮುಖಕ್ಕೇ ಸಾಮಾನು ಕೊಡುವುದಿಲ್ಲ ಎಂದದ್ದನ್ನು ಅವಳು ಈ ಜನ್ಮದಲ್ಲಿ ಕೇಳಿರಲಿಲ್ಲ.

ಹೊರಗೆ ರಸ್ತೆ ಕಾದ ಹೆಂಚಾಗಿತ್ತು. ಅರ್ಧ ದಿನ ರಜೆ ಹಾಕಿ, ಆ ಬಿಸಿಲಿನಲ್ಲೇ ನಡೆದು ಬಂದಿದ್ದಳು. ಎಸಿ ಫಿಲ್ಟರ್ ಮಾರುವ ಕಿರಿದಾದ, ಉದ್ದನೆಯ ಅಂಗಡಿ ಅದು. ನೆಲದಿಂದ ಸೂರಿನವರೆಗೂ ರಟ್ಟಿನ ಚೌಕಟ್ಟಿನ ಫಿಲ್ಟರುಗಳನ್ನು ಪುಸ್ತಕಗಳ ಹಾಗೆ ಜೋಡಿಸಿಟ್ಟಿದ್ದರು. ಅವುಗಳಲ್ಲಿ ಎಲ್ಲಕ್ಕಿಂತ ದಟ್ಟವಾದುದನ್ನು ಅವಳೇ ಹುಡುಕಿ ತೆಗೆದು ಕೌಂಟರಿನ ಮೇಲಿಟ್ಟಿದ್ದಳು. ಈ ಮನುಷ್ಯ ಅದನ್ನು ಎತ್ತಿ ತನ್ನ ಬೆನ್ನ ಹಿಂದಕ್ಕೆ ಸರಿಸಿದ್ದ.

“ಯಾಕೆ ಕೊಡಲ್ಲ?”

“ನಿಮ್ಮ ಮಿಷನ್ ಹಳೇದು ಅಂದ್ರಲ್ಲ. ಇಷ್ಟು ದಟ್ಟ ಇರೋದನ್ನ ಹಾಕಿದ್ರೆ ಅದಕ್ಕೆ ಗಾಳಿ ಎಳೆಯೋಕಾಗಲ್ಲ. ಒಳಗೆ ಐಸ್ ಕಟ್ಟುತ್ತೆ, ಆಮೇಲೆ ಗೋಡೆ ಮೇಲೆಲ್ಲ ನೀರು. ಮಧ್ಯದ್ದು ತಗೊಳ್ಳಿ.”

“ನಮ್ಮತ್ತೆಗೆ ಉಬ್ಬಸ ಇದೆ. ಒಂದು ಕಣ ಧೂಳೂ ಒಳಗೆ ಬರಬಾರದು.”

“ಧೂಳು ಬರಬಾರದು, ಸರಿ. ಗಾಳಿ ಬರಬೇಕಲ್ಲ?”

ಕೇಳಿದ್ದು ನಯವಾಗಿಯೇ. ಆದರೂ ಅವಳ ಮೈಯೆಲ್ಲ ಉರಿಯಿತು. ಸಿಟ್ಟು ಬಂದದ್ದು ಅವನು ತಪ್ಪು ಹೇಳಿದನೆಂದಲ್ಲ, ಸರಿ ಹೇಳಿದನೆಂದು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಇನ್ನೂ ಸ್ವಲ್ಪ ಜಾಸ್ತಿ ಪವರ್ ಹಾಕಿಕೊಡಿ, ಚೆನ್ನಾಗಿ ಕಾಣಲಿ ಎಂದು ಹಟ ಹಿಡಿಯುವವರಿಗೆ ಅವಳೂ ದಿನಾ ಇದೇ ಮಾತನ್ನು ಇದೇ ದನಿಯಲ್ಲಿ ಹೇಳುತ್ತಿದ್ದಳು. ತನ್ನ ಮಾತು ತನಗೇ ತಿರುಗಿ ಬಂದರೆ ಯಾರಿಗೆ ತಾನೇ ಹಿತವಾಗುತ್ತದೆ?

ಅವನು ಅಳತೆ ಕೇಳಿದ. ಅವಳು ಉದ್ದ, ಅಗಲ, ದಪ್ಪ ಮೂರನ್ನೂ ಮಿಲಿಮೀಟರಿನ ಲೆಕ್ಕದಲ್ಲಿ ಹೇಳಿದಳು. ಅವನ ಮುಖದಲ್ಲಿ ಮೊದಲ ಬಾರಿ ನಗು ಕಾಣಿಸಿತು. ಬಂದವರೆಲ್ಲ ಎರಡು ಕೈ ಚಾಚಿ ‘ಇಷ್ಟುದ್ದ’ ಎಂದು ತೋರಿಸುವುದನ್ನು ನೋಡಿ ನೋಡಿ ಸೋತವನು ಅವನು.

“ಆಯ್ತು, ಮಧ್ಯದ್ದೇ ಕೊಡಿ,” ಎಂದಳು ಮುಖ ಗಂಟಿಕ್ಕಿಕೊಂಡೇ. “ಆದ್ರೆ ನೀವೇ ಬಂದು ಹಾಕಬೇಕು. ನಮ್ಮತ್ತೆ ಒಂದು ಸಲ ಕೆಮ್ಮಿದ್ರೂ ಫಿಲ್ಟರ್ ಸಮೇತ ನಿಮ್ಮನ್ನೂ ಹೊರಗೆ ಹಾಕ್ತೀನಿ.”

‘ಎಂಥ ಕೊಬ್ಬು ಇವನಿಗೆ...’ ಎಂದು ಮನೆ ಮುಟ್ಟುವ ತನಕ ಅವನನ್ನು ಮನಸ್ಸಿನಲ್ಲೇ ಬೈಯುತ್ತ ನಡೆದಳು. ಹೊಸ ಮನುಷ್ಯನೊಬ್ಬನನ್ನು ಅಷ್ಟು ಹೊತ್ತು ನೆನೆದು ಎಷ್ಟು ಕಾಲವಾಗಿತ್ತು ಎನ್ನುವುದು ಪಾಪ, ಅವಳ ಗಮನಕ್ಕೆ ಬರಲಿಲ್ಲ.

ಅವಳ ಮನೆ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ಹಾಲ್, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಇಡೀ ಮನೆಗೆ ಒಂದೇ ಹಳೆಯ ಎಸಿ. ಹಾಲಿನ ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಜಾಲರಿ ಇತ್ತು. ಮನೆಯ ಗಾಳಿಯನ್ನೆಲ್ಲ ಅದು ಒಳಗೆ ಎಳೆದುಕೊಳ್ಳುತ್ತಿತ್ತು. ಫಿಲ್ಟರ್ ಇರುವುದು ಆ ಜಾಲರಿಯ ಹಿಂದೆ.

ಮನೆಯಲ್ಲಿದ್ದವರು ಇಬ್ಬರೇ. ಅವಳು, ಅವಳ ಅತ್ತೆ. ಹೋದ ಬೇಸಿಗೆಗೂ ಹಿಂದಿನ ಬೇಸಿಗೆಯಲ್ಲಿ ಅವಳ ಗಂಡ ಕೆಲಸಕ್ಕೆ ಹೋದವನು ಎದೆನೋವೆಂದು ಕುರ್ಚಿಯಲ್ಲಿ ಕುಳಿತ, ಮತ್ತೆ ಏಳಲಿಲ್ಲ. ತವರಿನವರು ಬಂದು ಕರೆದರು. ಅವಳು ಹೋಗಲಿಲ್ಲ. ಅತ್ತೆ-ಸೊಸೆ ಎಂದೊಡನೆ ಜಗಳ ಕಾಯುವವರಿಗೆ ಇಲ್ಲಿ ನಿರಾಶೆಯೇ ಗತಿ. ಒಬ್ಬಳು ಮಗನನ್ನು, ಇನ್ನೊಬ್ಬಳು ಗಂಡನನ್ನು ಕಳೆದುಕೊಂಡು, ಉಳಿದದ್ದನ್ನು ಒಬ್ಬರಲ್ಲೊಬ್ಬರು ಹುಡುಕಿಕೊಂಡವರು ಅವರು.

ಮರುದಿನ ಅವನು ಬಂದ. ಚಪ್ಪಲಿ ಹೊರಗೆ ಬಿಟ್ಟ. ಗೋಡೆಯ ಬುಡದಲ್ಲಿ ಹಳೆಯ ಪೇಪರ್ ಹಾಸಿದ. ಮಿಷನ್ ಆರಿಸಿ, ಒಳಗಿನ ಫ್ಯಾನ್ ಪೂರ್ತಿ ನಿಲ್ಲುವವರೆಗೆ ಕಾದು, ಆಮೇಲೆ ಜಾಲರಿ ತೆಗೆದ. ಹಳೆಯ ಫಿಲ್ಟರನ್ನು ತುಂಬಿದ ತಟ್ಟೆಯ ಹಾಗೆ ಅಲುಗಿಸದೆ ಎಳೆದ. ಅದು ಫಿಲ್ಟರಾಗಿ ಉಳಿದಿರಲಿಲ್ಲ, ಬೂದು ಬಣ್ಣದ ಕಂಬಳಿಯಾಗಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಆಮೇಲೆ ಮೂಗಿನ ಹತ್ತಿರ ತಂದು ಮೂಸಿದ.

ಕುರ್ಚಿಯಲ್ಲಿ ಕುಳಿತಿದ್ದ ಅತ್ತೆಗೆ ತಡೆಯಲಾಗಲಿಲ್ಲ. “ಏನಪ್ಪಾ, ಅದನ್ನೇನು ತಿಂತೀಯಾ?”

ಅವನು ನಾಚಿಕೊಂಡ. ಒಳಗೆ ಎಲ್ಲಾದರೂ ತೇವ ನಿಂತಿದ್ದರೆ, ವೈರು ಸುಡುತ್ತಿದ್ದರೆ ಫಿಲ್ಟರಿನ ವಾಸನೆಯಲ್ಲೇ ಗೊತ್ತಾಗುತ್ತದೆ, ಹಾಗಾಗಿ ಅಭ್ಯಾಸ ಎಂದು ವಿವರಿಸಿದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

“ಒಳಗಿನ ಪದರದಲ್ಲಿ ಎಣ್ಣೆ ಜಿಡ್ಡಿದೆ. ಮೇಲಿನದೆಲ್ಲ ಬರೀ ಒಣ ಧೂಳು. ಮೊದಲು ಮನೇಲಿ ತುಂಬ ಕರೀತಿದ್ರಿ, ಆಮೇಲೆ ಬಿಟ್ಟುಬಿಟ್ರಿ ಅನ್ಸುತ್ತೆ.”

ಅವಳು ಅಡುಗೆಮನೆಯ ಕಡೆ ತಿರುಗಿ ನೋಡಿದಳು.

ಅವಳ ಗಂಡನಿಗೆ ಕರಿದದ್ದೆಂದರೆ ಪ್ರಾಣ. ರಜೆಯ ಸಂಜೆ ಬಂತೆಂದರೆ ಒಲೆಯ ಮೇಲೆ ಬಾಣಲೆ ಏರಲೇಬೇಕು. ಅವನು ಹೋದ ಮೇಲೆ ಅದು ಮೊಳೆಗೆ ನೇತುಬಿದ್ದದ್ದು ಮತ್ತೆ ಇಳಿದಿರಲಿಲ್ಲ. ಈ ಫಿಲ್ಟರ್ ಕೂಡ ಅವನೇ ಹಾಕಿದ್ದು. ಟಾರ್ಚ್ ಹಿಡಿ ಎಂದು ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಏನೋ ಗುನುಗುತ್ತ...

ಫಿಲ್ಟರಿನವನು ಕಸದ ಚೀಲ ಬಿಡಿಸಿದ.

“ಎಸೀಬೇಡಿ,” ಎಂದಳು. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. “ಅದು... ನಮ್ಮನೆಯವರು ಹಾಕಿದ್ದು.”

ಅವನು ಗೋಡೆಯ ಫೋಟೊ ನೋಡಿದ. ಕೈಯಲ್ಲಿದ್ದ ಫಿಲ್ಟರ್ ನೋಡಿದ. ಅಯ್ಯೋ ಪಾಪ ಎನ್ನಲಿಲ್ಲ, ಹೇಗಾಯ್ತು ಎಂದು ಕೇಳಲಿಲ್ಲ. ಕಸದ ಚೀಲವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಎರಡು ಪೇಪರ್ ಹಾಸಿ, ಒಂದು ಕಣವೂ ಉದುರದಂತೆ ಆ ಫಿಲ್ಟರನ್ನು ಸುತ್ತಿ, ದಾರ ಕಟ್ಟಿ, “ಎಲ್ಲಿಡಲಿ?” ಎಂದಷ್ಟೇ ಕೇಳಿದ. ಅವಳು ಬಾಲ್ಕನಿ ತೋರಿಸಿದಳು. ಅವನು ಬಿಸಿಲು ಬೀಳದ ಮೂಲೆ ಹುಡುಕಿ ಇಟ್ಟುಬಂದ.

ಹೊಸ ಫಿಲ್ಟರಿನ ಅಂಚಿನಲ್ಲಿದ್ದ ಬಾಣದ ಗುರುತು ತೋರಿಸಿ, ಅದು ಯಾವಾಗಲೂ ಮಿಷನ್ ಕಡೆಗೇ ಇರಬೇಕು ಎಂದು ಹೇಳಿಕೊಟ್ಟ. ಮೂರು ತಿಂಗಳಂತೂ ಯೋಚನೆಯಿಲ್ಲ ಎಂದ. ಮಿಷನ್ ಹಾಕಿದೊಡನೆ ತಣ್ಣನೆಯ ಗಾಳಿ ಮನೆಯೆಲ್ಲ ಹರಡಿತು. ಅತ್ತೆ ಕೆಮ್ಮಲಿಲ್ಲ. ಹಾಗಾಗಿ ಯಾರನ್ನೂ ಹೊರಗೆ ಹಾಕುವ ಪ್ರಸಂಗ ಬರಲಿಲ್ಲ.

ಆದರೆ ಮೂರು ತಿಂಗಳು ಎಲ್ಲಿ ಬಂತು? ಕೆಲವೇ ವಾರಗಳಲ್ಲಿ ಅತ್ತೆ ಗೊಣಗತೊಡಗಿದರು. “ಗಾಳಿನೇ ಬರ್ತಿಲ್ಲ ಕಣೇ. ಆ ಮೂಗಪ್ಪನ್ನ ಕರಿ.” ಫಿಲ್ಟರ್ ಮೂಸಿದ ದಿನವೇ ಅವನಿಗೆ ಆ ಹೆಸರು ಖಾಯಂ ಆಗಿತ್ತು.

ಮೂಗಪ್ಪ ಬಂದ. ಜಾಲರಿ ತೆಗೆದ. ಫಿಲ್ಟರ್ ಮೇಲೆ ನುಣ್ಣನೆಯ ಬಿಳಿ ಧೂಳು. ಅಭ್ಯಾಸದಂತೆ ಮೂಗಿನ ಹತ್ತಿರ ತಂದವನು ಹಾಗೇ ನಿಂತ. ಮತ್ತೊಮ್ಮೆ ಮೂಸಿದ. ನಿಧಾನಕ್ಕೆ ತಿರುಗಿ ಅವಳತ್ತ ನೋಡಿದ. ಅವನ ಕಿವಿಗಳು ಕೆಂಪಾದವು.

“ಏನಾಗಿದೆ?”

“ಏನಿಲ್ಲ... ಬದಲಾಯಿಸೋದು ಬೇಡ. ಕೊಡವಿ ಹಾಕಿದ್ರೆ ಸಾಕು.”

ಬಾಲ್ಕನಿಯಲ್ಲಿ ಕುಳಿತು, ಬ್ರಷ್ಷಿನಿಂದ ಮಡಿಕೆ ಮಡಿಕೆಯನ್ನೂ ಬಿಡಿಸಿ ಶುಚಿ ಮಾಡಿದ. ಅಷ್ಟು ಹೊತ್ತೂ ಅವನ ತುಟಿಯ ಕೊನೆಯಲ್ಲಿ ಒಂದು ನಗು ಇತ್ತು. ಹೊಸ ಫಿಲ್ಟರ್ ಮಾರುವ ಅವಕಾಶ ಕೈಬಿಟ್ಟು ನಗುವ ವ್ಯಾಪಾರಿಯನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಮತ್ತೆ ಕಟ್ಟಿಕೊಂಡಿತು. ಮತ್ತೆ ಬಂದ. ಇನ್ನೊಮ್ಮೆ ಕಟ್ಟಿಕೊಂಡಿತು. ಅಷ್ಟರಲ್ಲಿ ಕೆಲಸ ಮುಗಿದ ಮೇಲೆ ಟೀ ಕುಡಿದೇ ಹೋಗಬೇಕು ಎನ್ನುವುದು ಅತ್ತೆಯ ಆಜ್ಞೆಯಾಗಿತ್ತು. ಅವನಿಗೆ ಅಪ್ಪ ಅಮ್ಮ ಇಲ್ಲ, ಅಕ್ಕನ ಮನೆಯಲ್ಲಿ ಬೆಳೆದವನು, ಅಕ್ಕನ ಮಗಳ ಮದುವೆಯನ್ನು ಮುಂದೆ ನಿಂತು ಮಾಡಿಸಿದವನು ಎನ್ನುವುದನ್ನೆಲ್ಲ ಅತ್ತೆ ಒಂದೊಂದೇ ಟೀಯ ಜೊತೆ ಬಾಯಿ ಬಿಡಿಸಿದರು. ಮತ್ತೆ ನೀನೇಕೆ ಮದುವೆಯಾಗಲಿಲ್ಲ ಎಂದು ಸೀದಾ ಕೇಳಿಯೂ ಬಿಟ್ಟರು.

“ಯಾರೂ ಕೇಳಲಿಲ್ಲ ಅಮ್ಮ,” ಎಂದ ಅವನು, ಬಸ್ಸು ಸಿಗಲಿಲ್ಲ ಎನ್ನುವಷ್ಟು ಸಲೀಸಾಗಿ.

ಅಡುಗೆಮನೆಯಲ್ಲಿದ್ದ ಅವಳಿಗೆ ನಗು ಬಂತು. ಜೋರಾಗಿಯೇ ಬಂತು. ತನ್ನ ನಗುವನ್ನು ತಾನೇ ಕೇಳಿ ಬೆಚ್ಚಿ ಬಾಯಿ ಮುಚ್ಚಿಕೊಂಡಳು.

ಒಂದು ದಿನ ಅವನ ಕನ್ನಡಕದ ಕಡ್ಡಿ ಬಾಗಿದ್ದು ಕಂಡು ಅವಳೇ ಕೇಳಿ ತೆಗೆದುಕೊಂಡಳು. ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಬೆರಳಿನಲ್ಲೇ ನೇರ ಮಾಡಿದಳು. ಸರಿಯಾಗಿ ಕೂತಿತೇ ಎಂದು ನೋಡಲು ಅವನ ಕಿವಿಯ ಹಿಂದೆ ಬೆರಳಾಡಿಸಿದಳು. ದಿನಕ್ಕೆ ಅದೆಷ್ಟೋ ಜನರ ಕಿವಿಯ ಹಿಂದೆ ಆಡುವ ಬೆರಳುಗಳೇ ಅವು. ಅವತ್ತು ಅಲ್ಲಿಂದ ಬೇಗ ಬರಲಿಲ್ಲ. ಅವನು ಉಸಿರು ಬಿಗಿಹಿಡಿದು ಕುಳಿತಿದ್ದ.

“ಈಗ ಸರಿಯಾಗಿ ಕಾಣುತ್ತಾ?”

“ಕಾಣುತ್ತೆ,” ಎಂದ. ನೋಡುತ್ತಿದ್ದದ್ದು ಅವಳನ್ನೇ.

ಅದಾದ ಮುಂದಿನ ಸಲ ಅವನು ಬರುವುದಿತ್ತು. ಅವಳು ಟೀಯ ಜೊತೆಗಿರಲಿ ಎಂದು ಆಲೂಗಡ್ಡೆ ತೆಳ್ಳಗೆ ಹೆಚ್ಚಿದಳು. ಬಾಣಲೆ ಇಳಿಸಿದಳು. ಎಣ್ಣೆ ಕಾದು ವಾಸನೆ ಏಳುತ್ತಲೇ ಕೈ ನಿಂತಿತು. ‘ಯಾರಿಗಾಗಿ ಕರೀತಿದ್ದೀನಿ ನಾನು? ಇಷ್ಟು ಬೇಗ... ಇಷ್ಟು ಸುಲಭಕ್ಕೆ?’ ಒಲೆ ಆರಿಸಿದಳು. ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಇನ್ನೊಬ್ಬನನ್ನು ಇಷ್ಟಪಟ್ಟರೆ ಗಂಡ ಎರಡನೇ ಸಲ ಸತ್ತಂತೆ, ಈ ಸಲ ತನ್ನ ಕೈಯಿಂದಲೇ ಎನ್ನುವ ಭಯ ಅವಳನ್ನು ಹಿಡಿದಿತ್ತು.

ಅಂಥ ಭಯದಲ್ಲಿರುವವರಿಗೆ ಅನುಮಾನದಷ್ಟು ಅನುಕೂಲದ ವಸ್ತು ಇನ್ನೊಂದಿಲ್ಲ. ಕನ್ನಡಕದ ಅಂಗಡಿಯ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಕೇಳಿ ಹುಬ್ಬೇರಿಸಿದ್ದರು. ಒಳ್ಳೆಯ ಫಿಲ್ಟರ್ ಅಷ್ಟು ಬೇಗ ಕಟ್ಟಿಕೊಳ್ಳುತ್ತದೆಯೇ, ಅವನೇ ಏನೋ ಕಳಪೆಯದು ಹಾಕಿರಬೇಕು, ಮನೆಗೆ ಬರಲು ನೆಪ ಬೇಕಲ್ಲ ಎಂದಿದ್ದರು. ಅವಳು ಆಗ ತಳ್ಳಿಹಾಕಿದಳು. ಆದರೆ ಮಾತು ಒಳಗೆ ಕೂತಿತು.

ಒಂದು ಮಧ್ಯಾಹ್ನ ಅತ್ತೆಗೆ ಉಬ್ಬಸ ಕೆರಳಿತು. ಎಳೆದ ಉಸಿರು ಒಳಗೆ ಹೋಗದೆ ತುಟಿ ನೀಲಿಗಟ್ಟಿತು. ಔಷಧಿ ಎಳೆಸಿ, ಡಾಕ್ಟರನ್ನು ಕರೆಸಿ, ಉಸಿರು ಹಿಡಿತಕ್ಕೆ ಬರುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು. ಮನೆಯಲ್ಲಿ ಏನೋ ನುಣ್ಣನೆಯ ಧೂಳು ಏಳುತ್ತಿದೆ ನೋಡಿ ಎಂದು ಹೇಳಿ ಡಾಕ್ಟರು ಹೋದರು.

ಅವಳು ಜಾಲರಿ ಕಿತ್ತಳು. ಅವನು ಮೊನ್ನೆ ಮೊನ್ನೆ ಕೊಡವಿ ಹಾಕಿದ್ದ ಫಿಲ್ಟರ್ ಬೆಳ್ಳಗಾಗಿತ್ತು.

ಪಕ್ಕದ ಮನೆಯವರನ್ನು ಅತ್ತೆಯ ಹತ್ತಿರ ಕೂರಿಸಿ, ಫಿಲ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ನಡೆದಳು. ಅಲ್ಲಿ ಅಂಗಡಿಯ ಯಜಮಾನರಿದ್ದರು, ಗಿರಾಕಿಗಳಿದ್ದರು. ಅವಳಿಗೆ ಯಾರೂ ಕಾಣಲಿಲ್ಲ. ಫಿಲ್ಟರನ್ನು ಕೌಂಟರಿನ ಮೇಲೆ, ಅವನ ಮುಂದೆ ಕುಕ್ಕಿದಳು. ಬಿಳಿ ಧೂಳು ಗಪ್ಪೆಂದು ಎದ್ದಿತು.

ಕೇಳಿದ ದಟ್ಟನೆಯದನ್ನು ಕೊಡಲಿಲ್ಲ, ಕಳಪೆ ಮಾಲು ತಲೆಗೆ ಕಟ್ಟಿದಿರಿ, ಅದನ್ನೇ ಕೊಡವಿ ಕೊಡವಿ ಹಾಕಿ ಹೋದಿರಿ, ಇವತ್ತು ನಮ್ಮತ್ತೆ ಸಾಯುತ್ತಿದ್ದರು... ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅವನು ತಲೆತಗ್ಗಿಸಿ ಕೇಳುತ್ತಿದ್ದ. ಆ ಮೌನ ಅವಳನ್ನು ಇನ್ನಷ್ಟು ಕೆರಳಿಸಿತು. ಆಡಬಾರದ ಮಾತು ಬಾಯಿಂದ ಹೊರಬಿತ್ತು.

“ಗಂಡಸಿಲ್ಲದ ಮನೆ, ನೆಪ ಮಾಡ್ಕೊಂಡು ಹೋದ್ರೆ ಯಾರು ಕೇಳ್ತಾರೆ ಅಂದ್ಕೊಂಡ್ರಾ?”

ಅವನು ತಲೆ ಎತ್ತಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

“ಇದು ಧೂಳಲ್ಲ ಮೇಡಂ,” ಎಂದ ತೀರ ಮೆಲ್ಲಗೆ. “ಮುಖಕ್ಕೆ ಹಚ್ಚೋ ಪೌಡರ್. ಮೊದಲನೇ ಸಲವೇ ವಾಸನೇಲಿ ಗೊತ್ತಾಯ್ತು.”

“ಗೊತ್ತಿದ್ರೆ ಯಾಕೆ ಬಾಯಿ ಬಿಡಲಿಲ್ಲ?”

ಅವನು ಅವಳನ್ನು ನೋಡಿದ.

“ನಾನೇ ಏನೇನೋ ಅಂದ್ಕೊಂಡೆ. ಬಿಡಿ, ತಪ್ಪು ನಂದು. ಅಮ್ಮನ ಉಸಿರಿನ ಯೋಚನೆನೂ ಮಾಡಲಿಲ್ಲ. ಇನ್ಮೇಲೆ ನಾನು ಬರಲ್ಲ.” ಸ್ವಲ್ಪ ತಡೆದು ಕೇಳಿದ, “ಅಮ್ಮ ಈಗ ಹೇಗಿದ್ದಾರೆ?”

ಅವಳು ತಿರುಗಿ ಹೊರನಡೆದಳು.

ಅರ್ಧ ದಾರಿ ಬಂದಿದ್ದಳು. ಪೌಡರ್? ಅವಳು ಪೌಡರ್ ಹಚ್ಚುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಹಚ್ಚುವವರು ಇನ್ನೊಬ್ಬರೇ. ಮತ್ತೆ... ಅವನು ಏನೇನೋ ಅಂದುಕೊಂಡೆ ಎಂದನಲ್ಲ, ಏನು ಅಂದುಕೊಂಡ? ಮೊದಲನೇ ಸಲ ಕಟ್ಟಿಕೊಂಡಾಗ ಫಿಲ್ಟರ್ ಮೂಸಿ ತನ್ನತ್ತ ತಿರುಗಿದ್ದು, ಕಿವಿ ಕೆಂಪಾದದ್ದು, ಬಾಲ್ಕನಿಯಲ್ಲಿ ಒಬ್ಬನೇ ನಕ್ಕದ್ದು ಎಲ್ಲ ನೆನಪಾಗಿ ಅವಳು ಸುಡುವ ರಸ್ತೆಯ ನಡುವೆಯೇ ನಿಂತಳು. ತನ್ನನ್ನು ಕರೆಸಿಕೊಳ್ಳಲು ಅವಳೇ ಪೌಡರ್ ಹಾಕುತ್ತಿದ್ದಾಳೆ ಎಂದುಕೊಂಡಿದ್ದ ಅವನು. ಅಷ್ಟು ದಿನವೂ ಅದೇ ಸಂತೋಷದಲ್ಲಿದ್ದ.

ಅತ್ತೆ ದಿಂಬಿಗೆ ಒರಗಿ ಮಲಗಿದ್ದರು. ಪಕ್ಕದ ಮನೆಯವರನ್ನು ಕಳಿಸಿ ಅವಳು ಮಂಚದ ತುದಿಗೆ ಕುಳಿತಳು.

“ಅತ್ತೆ, ಪೌಡರ್ ಡಬ್ಬಿ ಎಲ್ಲಿ?”

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. “ಖಾಲಿ ಆಯ್ತು.”

“ಮೊನ್ನೆ ತಾನೇ ತಂದಿದ್ದು.”

“ಸೆಕೆ ಅಲ್ವಾ. ಬೆವರು ಜಾಸ್ತಿ.”

“ಅತ್ತೆ...”

ಆ ಒಂದು ಕರೆಗೆ ಮುದುಕಿ ಸೋತರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಸೊಸೆ ಕೆಲಸಕ್ಕೆ ಹೋದ ಮೇಲೆ, ಜಾಲರಿಯ ಮುಂದೆ ಪೌಡರ್ ಕೊಡವುತ್ತಿದ್ದರಂತೆ. ಮಿಷನ್ನೇ ಎಲ್ಲವನ್ನೂ ಎಳೆದುಕೊಳ್ಳುತ್ತಿತ್ತಂತೆ, ತಮಗೇನೂ ಕಷ್ಟವಿರಲಿಲ್ಲವಂತೆ. ಇವತ್ತು ಮಾತ್ರ ಕರವಸ್ತ್ರ ಜಾರಿತಂತೆ.

“ನಿಮ್ಮ ಉಸಿರು ನಿಂತುಹೋಗಿದ್ರೆ ನಾನೇನು ಮಾಡ್ತಿದ್ದೆ?” ಅವಳ ಕಣ್ಣಲ್ಲಿ ನೀರು ಧಾರೆಯಾಗಿತ್ತು. “ಯಾಕತ್ತೆ? ಯಾಕೆ ಹೀಗೆ ಮಾಡಿದ್ರಿ?”

“ಅವನು ಆ ಹಳೇ ಫಿಲ್ಟರ್ ಸುತ್ತಿಟ್ಟಿದ್ದು ನೋಡಿದ್ಯಲ್ಲ ನೀನು,” ಎಂದರು ಅತ್ತೆ. “ನನ್ನ ಮಗ ಉಸಿರಾಡಿದ ಧೂಳು ಅದು. ಅದನ್ನ ಯಾರೋ ಒಬ್ಬ ಹೊರಗಿನವನು ಅಷ್ಟು ಜೋಪಾನವಾಗಿ ಹಿಡಿದ. ಅವತ್ತೇ ನನಗೆ ಅನ್ನಿಸ್ತು, ಇವನ ಕೈಲಿ ನಿನ್ನನ್ನ ಕೊಟ್ರೆ ನನ್ನ ಮಗನ್ನ ಆಚೆ ಹಾಕೋದಿಲ್ಲ ಇವನು ಅಂತ.”

“ನನಗೆ ಒಂದು ಮಾತು ಹೇಳಬಹುದಿತ್ತು.”

“ಹೇಳಿದ್ರೆ ಕೇಳ್ತಿದ್ಯಾ? ಅತ್ತೆಗೆ ಔಷಧಿ, ಅತ್ತೆಗೆ ಊಟ, ಅತ್ತೆಗೆ ಗಾಳಿ... ನನ್ನ ಹೆಸರು ಹೇಳ್ಕೊಂಡು ನೀನು ಬದುಕೋದನ್ನೇ ಮುಂದಕ್ಕೆ ಹಾಕ್ತಿದ್ದೆ. ನೋಡಿ ನೋಡಿ ಸಾಕಾಗಿತ್ತು ಕಣೇ ನನಗೆ.” ಉಸಿರು ತೆಗೆದುಕೊಳ್ಳಲು ತಡೆದರು. “ಅವನು ಬಂದ ದಿನ ನೀನು ನಗ್ತಿದ್ದೆ. ಆ ನಗು ಕೇಳೋಕೆ ಪೌಡರ್ ಹಾಕಿದೆ. ಅಷ್ಟೇ.”

ಅವಳು ಅತ್ತೆಯ ಮಡಿಲಿಗೆ ತಲೆಯಿಟ್ಟಳು. ಅಂಗಡಿಯಲ್ಲಿ ತಾನು ಆಡಿಬಂದ ಮಾತನ್ನು ಹೇಳಿದಳು. ಅತ್ತೆ ಎರಡೂ ಕೈಗಳಿಂದ ತಮ್ಮ ತಲೆ ಹಿಡಿದುಕೊಂಡರು.

ಕಥೆಯೆಂದಮೇಲೆ ಅವಳು ಆಗಲೇ ಎದ್ದು ಓಡಬೇಕಿತ್ತು. ಓಡಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಬೇಕು? ಹೋದರೆ ಏನು ಹೇಳಬೇಕು? ತಪ್ಪಾಯ್ತು ಎಂದಷ್ಟೇ ಹೇಳಿದರೆ ಅದು ಪೂರ್ತಿ ನಿಜವಲ್ಲ. ಪೂರ್ತಿ ನಿಜ ಹೇಳಲು ಧೈರ್ಯವಿಲ್ಲ.

ಅಂಗಡಿಯಿಂದ ಬೇರೊಬ್ಬ ಬಂದು ಹೊಸ ಫಿಲ್ಟರ್ ಹಾಕಿ ಹೋದ. ಹಳೆಯದನ್ನು ನೋಡದೆ, ಮೂಸದೆ ಚೀಲಕ್ಕೆ ತುರುಕಿದ. ಆ ಇನ್ನೊಬ್ಬರು ಎಲ್ಲಿ ಎಂದು ಅತ್ತೆ ಕೇಳಿದರು. ಅವರು ಈಗ ಯಾರ ಮನೆಗೂ ಹೋಗುವುದಿಲ್ಲ, ಕೇಳಿಕೊಂಡು ಗೋಡೌನಿಗೆ ಹಾಕಿಸಿಕೊಂಡಿದ್ದಾರೆ, ತಿಂಗಳು ಮುಗಿದರೆ ಬೇರೆ ಊರಿನ ಅಂಗಡಿಗೆ ಹೋಗಿಬಿಡುತ್ತಾರಂತೆ ಎಂದ.

ಎಸಿ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ನಡೆಯಿತು. ತಣ್ಣಗಿನ, ಶುದ್ಧವಾದ ಗಾಳಿ. ಅತ್ತೆಯ ಉಸಿರು ಹಗುರಾಯಿತು. ಯಾರನ್ನೂ ಕರೆಯುವ ಅಗತ್ಯವಿರಲಿಲ್ಲ. ಒಂದು ಯಂತ್ರ ಕೆಡಲಿಲ್ಲವಲ್ಲ ಎಂದು ಯಾರಾದರೂ ಸಂಕಟಪಟ್ಟದ್ದನ್ನು ನೀವು ಕೇಳಿದ್ದೀರೋ ಇಲ್ಲವೋ. ಅವಳು ಪಟ್ಟಳು. ದಿನಾ ಬೆಳಿಗ್ಗೆ ಜಾಲರಿಯ ಮುಂದೆ ಕೈಯೊಡ್ಡಿ ನೋಡುವಳು. ಗಾಳಿ ಸರಾಗವಾಗಿ ಹರಿಯುತ್ತಿತ್ತು. ಅವಳ ಎದೆ ಮಾತ್ರ ಕಟ್ಟಿಕೊಂಡಂತಿತ್ತು.

ತಿಂಗಳು ಮುಗಿಯುತ್ತ ಬಂತು. ಒಂದು ರಜೆಯ ದಿನ ಅವಳು ಗಂಡನ ಫೋಟೊ ಒರೆಸುತ್ತ ಅದರ ಮುಂದೆ ನಿಂತುಕೊಂಡಳು. ‘ನಿಮ್ಮ ಜಾಗ ನಿಮ್ಮದೇ. ಅದನ್ನ ಯಾರಿಗೂ ಕೊಡ್ತಿಲ್ಲ. ಆದ್ರೆ ನಾನಿನ್ನೂ ಬದುಕಿದ್ದೀನಿ... ಏನು ಮಾಡಲಿ ಹೇಳಿ.’ ಫೋಟೊ ಎಂದಿನಂತೆ ನಗುತ್ತಿತ್ತು. ಅವನು ಬದುಕಿದ್ದಾಗಲೂ ಹಾಗೆಯೇ. ಅವಳು ಅಳುವುದನ್ನು ಒಂದು ದಿನವೂ ನೋಡಲಾರದವನು.

“ಅತ್ತೆ, ಹೋಗಿ ಬರ್ತೀನಿ,” ಎಂದಳು. ಎಲ್ಲಿಗೆ ಎಂದು ಅತ್ತೆ ಕೇಳಲಿಲ್ಲ.

ಅಂಗಡಿಯಲ್ಲಿ ಅವತ್ತೂ ಯಜಮಾನರಿದ್ದರು, ಗಿರಾಕಿಗಳಿದ್ದರು. ಸದ್ಯ ಇದ್ದಾರಲ್ಲ ಎಂದುಕೊಂಡಳು. ಎಲ್ಲರ ಮುಂದೆ ಆಡಿದ ಮಾತನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು.

“ಅವತ್ತು ನಾನು ಇಲ್ಲಿ ನಿಂತು ನಿಮ್ಮ ಹುಡುಗರೊಬ್ಬರ ಮೇಲೆ ಕೆಟ್ಟ ಮಾತು ಆಡಿದೆ. ಅದು ಸುಳ್ಳು. ಫಿಲ್ಟರಲ್ಲಿ ದೋಷ ಇರಲಿಲ್ಲ, ಅವರಲ್ಲಿ ಮೊದಲೇ ಇರಲಿಲ್ಲ. ನಮ್ಮನೇಲೇ ಆದ ಎಡವಟ್ಟು. ಅವರಷ್ಟು ಮರ್ಯಾದೆಯಿಂದ ನಮ್ಮನೆಗೆ ಬಂದೋರು ಬೇರೆ ಯಾರೂ ಇಲ್ಲ.”

ಗಿರಾಕಿಯೊಬ್ಬರು ಕೈಚಾಚಿ ‘ಇಷ್ಟುದ್ದ’ ಎಂದು ತೋರಿಸುತ್ತಿದ್ದವರು ಹಾಗೇ ಕೈ ಚಾಚಿಕೊಂಡೇ ಉಳಿದರು. ಯಜಮಾನರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಹಿಂದಿನ ಬಾಗಿಲ ಕಡೆ ಬೆರಳು ತೋರಿಸಿದರು.

ಗೋಡೌನಿಗೆ ತಗಡಿನ ಮಾಡು. ಊರಿಗೆಲ್ಲ ತಂಪು ಕಳಿಸುವ ಆ ಜಾಗದಲ್ಲಿ ಒಂದು ಫ್ಯಾನ್ ಕೂಡ ಇರಲಿಲ್ಲ. ಬೆವರಿಗೆ ಅಂಗಿ ಬೆನ್ನಿಗಂಟಿದ್ದ ಅವನು ಪೆಟ್ಟಿಗೆಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದವನು ಅವಳನ್ನು ಕಂಡು ಪೆಟ್ಟಿಗೆ ಕೆಳಗಿಟ್ಟ.

“ಅಮ್ಮ ಚೆನ್ನಾಗಿದ್ದಾರಾ?”

ಅಷ್ಟು ಅವಮಾನ ಮಾಡಿದವಳನ್ನು ಕಂಡೊಡನೆ ಅವನ ಬಾಯಿಗೆ ಬಂದ ಮೊದಲ ಮಾತು ಅದು.

“ಚೆನ್ನಾಗಿದ್ದಾರೆ. ಪೌಡರ್ ಹಾಕ್ತಿದ್ದಿದ್ದು ಅವರೇ.”

ಅವನು ದಂಗಾಗಿ ನಿಂತ. ಆಮೇಲೆ ನಗಲು ಪ್ರಯತ್ನಿಸಿದ, ಆಗಲಿಲ್ಲ. ಪಕ್ಕದ ಪೆಟ್ಟಿಗೆಯ ಮೇಲಿನ ಧೂಳನ್ನು ಸುಮ್ಮನೆ ಒರೆಸಿದ.

“ನಾನು... ನೀವು ಅಂದ್ಕೊಂಡಿದ್ದೆ,” ಎಂದ ಕೊನೆಗೆ. “ಹೇಳಿಬಿಡ್ತೀನಿ, ಹೇಗೂ ಹೊರಟಿದ್ದೀನಿ. ನಿಮಗೆ ಬಾಯಿಬಿಟ್ಟು ಕರೆಯೋಕೆ ಸಂಕೋಚ, ಅದಕ್ಕೆ ಹೀಗೆ ಮಾಡ್ತಿದ್ದೀರಿ ಅಂತ. ಅದಕ್ಕೇ ಬಾಯಿ ಬಿಡಲಿಲ್ಲ. ಬಿಟ್ರೆ ನಿಲ್ಲಿಸಿಬಿಡ್ತೀರೇನೋ ಅಂತ ಹೆದರಿಕೆ. ಆ ಆಸೆಯಲ್ಲಿ ಅಮ್ಮನ ಉಸಿರನ್ನೂ ಮರೆತೆ. ನೀವು ಬೈದಿದ್ದರಲ್ಲಿ ಪೂರ್ತಿ ಸುಳ್ಳಿಲ್ಲ ಮೇಡಂ. ಫಿಲ್ಟರ್‌ಗೋಸ್ಕರ ಮಾತ್ರ ನಾನು ಬರ್ತಿರಲಿಲ್ಲ.”

ಎಷ್ಟೋ ದಿನದಿಂದ ತಡೆದಿಟ್ಟಿದ್ದ ಅಳು ಅವಳ ಕೆನ್ನೆಯ ಮೇಲೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

“ಪೌಡರ್ ಹಾಕಿದ್ದು ಅತ್ತೆ,” ಎಂದಳು. “ಆದ್ರೆ ಕಾದಿದ್ದು ನಾನು.”

ಅವನು ಪೆಟ್ಟಿಗೆ ಬಿಟ್ಟು ಅವಳತ್ತ ತಿರುಗಿದ.

“ಗಾಳಿ ಕಮ್ಮಿಯಾಯ್ತು ಅಂತ ಅತ್ತೆ ಹೇಳೋಕೆ ಮುಂಚೆ ನಾನೇ ಗೋಡೆ ಹತ್ರ ಹೋಗಿ ನಿಲ್ತಿದ್ದೆ. ಕಟ್ಕೊಂಡಿರಲಿ ಅಂತ. ಅದು ಕಂಡು ನನಗೇ ಭಯ ಆಯ್ತು. ಆ ಭಯಕ್ಕೆ ನಿಮ್ಮ ಮೇಲೆ ಕೂಗಾಡಿದೆ. ನನ್ನ ಮನಸ್ಸಲ್ಲಿ ಅವರು ಇದ್ದಾರೆ... ಇರ್ತಾರೆ. ಅದನ್ನ ಮುಚ್ಚಿಟ್ಟು ನಿಮ್ಮ ಹತ್ರ ಬರೋಕೆ ನನಗಾಗಲ್ಲ.”

“ಮುಚ್ಚಿಡಿ ಅಂತ ನಾನು ಯಾವತ್ತೂ ಕೇಳಲ್ಲ.”

“ಗೊತ್ತು. ಅದಕ್ಕೇ ಬಂದೆ.”

ತಗಡಿನ ಮಾಡಿನ ಕೆಳಗೆ ಇಬ್ಬರೂ ಬೆವರಿನಲ್ಲಿ ತೊಯ್ದು ನಿಂತಿದ್ದರು. ಅವನು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡು, ಮತ್ತೆ ಹಾಕಿಕೊಂಡ. ಏನು ಹೇಳಬೇಕೆಂದು ತಿಳಿಯದವನು ತನಗೆ ಗೊತ್ತಿದ್ದ ಒಂದೇ ಮಾತಿಗೆ ಬಂದ.

“ಈಗ ಫಿಲ್ಟರ್ ಹೇಗಿದೆ?”

“ಚೆನ್ನಾಗಿದೆ. ಒಂಚೂರೂ ಧೂಳಿಲ್ಲ.”

“ಹಾಗಾದ್ರೆ ನಾನು ಬಂದು ಮಾಡೋದೇನು?”

“ಏನೂ ಮಾಡೋದು ಬೇಡ,” ಎಂದಳು ಅವಳು, ಅಳುತ್ತಲೇ ನಗುತ್ತ. “ಸುಮ್ನೆ ಬನ್ನಿ.”